ಘಟ್ಟ ಇಳಿದು ಉಡುಪಿಗೆ: ಪುಟ್ಟ ಮಗುವಿನ ಜೊತೆ ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ?

"ಒಂದೂವರೆ ವರ್ಷದ ಮಗು ಇದೆ, ಬೆಳಿಗ್ಗೆ ಹೋಗಿ ಸಂಜೆ ಬರೋ ಹಾಗೆ ಉಡುಪಿ ನೋಡಬಹುದಾ?" ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ದಸರಾ ರಜೆ ಹತ್ತಿರ ಬಂದರಂತೂ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ನೋಡಬಹುದು. ಆದರೆ ಎಲ್ಲವನ್ನೂ ನೋಡಲು ಆಗುವುದಿಲ್ಲ. ಒಂದರಿಂದ ಮೂರು ವರ್ಷದ ಮಗು ಜೊತೆಗಿದ್ದರೆ ಕಡಲು ಒಂದು, ಮಠ ಒಂದು, ಅಷ್ಟೇ. ಅದೂ ಈ ಕ್ರಮದಲ್ಲೇ: ಮೊದಲು ಕಡಲು, ಆಮೇಲೆ ಮಠ, ಊಟ, ನಿದ್ದೆ, ಬೆಳಕಿರುವಾಗಲೇ ಘಟ್ಟ ಹತ್ತುವುದು.

ಸಾಮಾನ್ಯವಾಗಿ ನಾವೆಲ್ಲ ಮಾಡುವುದು ಇದರ ಉಲ್ಟಾ. ಬೆಳಿಗ್ಗೆ ದರ್ಶನ, ಮಧ್ಯಾಹ್ನ ಊಟ, ಸಂಜೆ ಮಲ್ಪೆಯಲ್ಲಿ ಸೂರ್ಯ ಮುಳುಗುವುದು ನೋಡಿ ವಾಪಸ್. ದೊಡ್ಡವರಿಗೆ ಅದು ಸರಿ. ಮಗು ಇದ್ದಾಗ ಆ ಲೆಕ್ಕ ಕೆಡುತ್ತದೆ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗು ಸಂಜೆ ಮರಳಿನ ಮೇಲೆ ಹಠ ಹಿಡಿದು ಕೂರುತ್ತದೆ. ಸೂರ್ಯ ಮುಳುಗಿದ ಮೇಲೆ ಮಲ್ಪೆ ಬಿಟ್ಟರೆ ಆಗುಂಬೆ ಘಾಟಿ ಸಿಗುವುದು ಕತ್ತಲಲ್ಲಿ, ಎಷ್ಟೋ ಸಲ ಮಂಜಿನಲ್ಲಿ.

"ದೇವರಿಗಿಂತ ಮೊದಲು ಸಮುದ್ರವಾ?" ಅಂತ ಮನೆಯ ಹಿರಿಯರು ಕೇಳಿದರೆ ಉತ್ತರ ಸುಲಭ. ಐತಿಹ್ಯದ ಪ್ರಕಾರ ಉಡುಪಿಯ ಕೃಷ್ಣನೂ ಮಲ್ಪೆಯ ಕಡಲತೀರದಿಂದಲೇ ಮಠಕ್ಕೆ ಬಂದವನು. ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಸಿಕ್ಕ ವಿಗ್ರಹವನ್ನು ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಇಲ್ಲಿ ಪ್ರತಿಷ್ಠೆ ಮಾಡಿದರು ಎನ್ನುತ್ತಾರೆ. ನೀವೂ ಅದೇ ದಾರಿಯಲ್ಲಿ ಬರುತ್ತಿದ್ದೀರಿ ಅಂತ ಹೇಳಿಬಿಡಿ.

1. ದಿನ ಆರಿಸುವುದು

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದ ಮೇಲೆ ಕರಾವಳಿಯ ಸೆಕೆ ನಮ್ಮ ಮಲೆನಾಡಿನ ಮಕ್ಕಳಿಗೆ ತಡೆಯುವುದಿಲ್ಲ. ಬಿಸಿಲಿಗಿಂತ ಬೆವರೇ ಕಾಟ. ಕತ್ತು, ಕಂಕುಳಲ್ಲಿ ಬೆವರುಸಾಲೆ ಎದ್ದರೆ ಮಗು ಇಡೀ ದಿನ ಕಿರಿಕಿರಿ ಮಾಡುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಕಡಲು ಒರಟು, ಘಾಟಿಯಲ್ಲಿ ಮಣ್ಣು ಕುಸಿಯುವ ಭಯ ಬೇರೆ. ಆ ನಾಲ್ಕು ತಿಂಗಳು ಈ ಯೋಜನೆ ಬೇಡ.

ಒಳ್ಳೆಯ ಕಾಲದಲ್ಲೂ ಕೆಲವು ದಿನ ಬಿಡಬೇಕು. ಪರ್ಯಾಯ, ಅಂದರೆ ಅಷ್ಟಮಠಗಳು ಎರಡು ವರ್ಷಕ್ಕೊಮ್ಮೆ ಸರದಿಯ ಮೇಲೆ ಕೃಷ್ಣಪೂಜೆಯ ಹೊಣೆ ವಹಿಸಿಕೊಳ್ಳುವ ಉತ್ಸವ, ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಬರುತ್ತದೆ. ಅದರ ಹಿಂದುಮುಂದಿನ ದಿನಗಳಲ್ಲಿ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಕರ ಸಂಕ್ರಾಂತಿಯ ಉತ್ಸವದ ದಿನಗಳೂ ಹಾಗೆಯೇ. ಅಷ್ಟಮಿಯ ಮರುದಿನದ ವಿಟ್ಲಪಿಂಡಿಗೆ (ಮೊಸರು ಕುಡಿಕೆ ಒಡೆಯುವ ಹಬ್ಬ) ಮಗುವನ್ನು ಕರೆತರಲು ಎಷ್ಟೇ ಆಸೆಯಾದರೂ ಸ್ವಲ್ಪ ದೊಡ್ಡದಾಗುವ ತನಕ ಕಾಯಿರಿ. ಹುಲಿವೇಷದ ತಾಸೆ ಸದ್ದಿಗೆ ದೊಡ್ಡವರ ಎದೆಯೇ ನಡುಗುತ್ತದೆ. ಇನ್ನೊಂದು ಮಾತು: ಉಡುಪಿಯಲ್ಲಿ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ ನಡೆಯುತ್ತದೆ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ ಮುಗಿದಿದೆ ಅಂತ ಹೊರಟರೆ ಕೆಲವು ವರ್ಷ ನೇರ ಜಾತ್ರೆಗೇ ಸಿಕ್ಕಿಬೀಳುತ್ತೀರಿ.

ವಾರದ ನಡುವಿನ ದಿನ ಸಿಕ್ಕರೆ ಅದೇ ಒಳ್ಳೆಯದು.

2. ಚೀಲ ಕಟ್ಟುವುದು

ಚೀಲ ಎರಡಿರಲಿ. ದೊಡ್ಡದು ಕಾರಿನಲ್ಲೇ ಉಳಿಯಲಿ, ಚಿಕ್ಕದು ಹೆಗಲಿಗೆ.

ದೊಡ್ಡ ಚೀಲದಲ್ಲಿ ಮೂರು ಜೊತೆ ತೆಳು ಹತ್ತಿ ಬಟ್ಟೆ, ಎರಡು ಟವೆಲ್, ಐದು ಲೀಟರಿನ ಕ್ಯಾನಿನಲ್ಲಿ ಮನೆಯ ನೀರು (ಮರಳು ತೊಳೆಯಲು), ಒಂದು ಚೊಂಬು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು. ಜೊತೆಗೆ ಹಳೆಯ ಪಂಚೆ ಒಂದು. ಹಾಸಲು, ಹೊದೆಸಲು, ಕಾರಿನ ಕಿಟಕಿಗೆ ಪರದೆ ಕಟ್ಟಲು, ಹಾಲುಣಿಸುವಾಗ ಮರೆಗೆ, ಎಲ್ಲಕ್ಕೂ ಬರುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಬೀಚ್ ಚಾಪೆಗೆ ದುಡ್ಡು ಹಾಕಬೇಡಿ.

ಚಿಕ್ಕ ಚೀಲದಲ್ಲಿ ಕುದಿಸಿ ಆರಿಸಿದ ನೀರು, ಬಾಳೆಹಣ್ಣು, ಡೈಪರ್, ಒಂದು ಜೊತೆ ಬಟ್ಟೆ, ಟೋಪಿ, ಓಆರ್‌ಎಸ್ ಪೊಟ್ಟಣ. ಓಆರ್‌ಎಸ್ ಅಂದರೆ ವಾಂತಿ, ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಕಣ್ಣಳತೆ ಬೇಡ. ಮಗುವಿಗೆ ಜ್ವರ ಬಂದಾಗ ನಿಮ್ಮ ಡಾಕ್ಟರು ಕೊಡುವ ಔಷಧಿಯೂ ಇರಲಿ.

ತಳ್ಳುಗಾಡಿ ಒಯ್ಯಬೇಕಾ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಮರಳಿನಲ್ಲಿ ಅದು ಉರುಳುವುದಿಲ್ಲ, ದರ್ಶನದ ಸಾಲಿನಲ್ಲಿ ಹಿಡಿಸುವುದಿಲ್ಲ. ಮೈಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇದ್ದರೆ ಅದನ್ನು ತನ್ನಿ.

3. ಘಾಟಿ ಇಳಿಯುವುದು

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿ ಸುಮಾರು 150 ಕಿ.ಮೀ. ಬೆಳಿಗ್ಗೆ 5ಕ್ಕೆ ಹೊರಟರೆ 7ರ ಹೊತ್ತಿಗೆ ಆಗುಂಬೆ, ಅಷ್ಟರಲ್ಲಿ ಬೆಳಕು ಹರಿದಿರುತ್ತದೆ. ತೀರ್ಥಹಳ್ಳಿಯವರು 6 ಗಂಟೆಗೆ ಹೊರಟರೂ ಸಾಕು. ಹೊಸನಗರ, ಸಾಗರದ ಕಡೆಯವರಿಗೆ ಹುಲಿಕಲ್ ಘಾಟಿ (ಬಾಳೆಬರೆ ಅಂತಲೂ ಕರೆಯುತ್ತಾರೆ) ಹತ್ತಿರ. ಯಾವ ಘಾಟಿಯಾದರೂ ಹಿಂದಿನ ರಾತ್ರಿಯೇ ದಾರಿ ತೆರೆದಿದೆಯಾ ಎಂದು ವಿಚಾರಿಸಿಕೊಳ್ಳಿ. ಘಾಟಿಯಲ್ಲಿ ಫೋನಿಗೆ ಸಿಗ್ನಲ್ ನಂಬುವ ಹಾಗಿಲ್ಲ.

ಮಗುವನ್ನು ಎಬ್ಬಿಸಿ, ತೊಳೆಸಿ, ತಿನ್ನಿಸಿ ಹೊರಡಿಸುವ ಗೋಜಿಗೆ ಹೋಗಬೇಡಿ. ನಿದ್ದೆಯಲ್ಲೇ ಎತ್ತಿ ಚೈಲ್ಡ್ ಸೀಟಿನಲ್ಲಿ ಕೂರಿಸಿ. ಚೈಲ್ಡ್ ಸೀಟ್ ಅಂದರೆ ಕಾರಿನ ಹಿಂದಿನ ಸೀಟಿಗೆ ಬಿಗಿಯುವ, ಮಗುವಿಗೆಂದೇ ಪಟ್ಟಿಗಳಿರುವ ಆಸನ. "ಅಜ್ಜಿ ತೊಡೆ ಮೇಲೆ ಇಟ್ಕೊಳ್ತಾರೆ ಬಿಡಿ" ಎನ್ನುವ ಮಾತು ಘಾಟಿಯಲ್ಲಿ ನಡೆಯುವುದಿಲ್ಲ. ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಅಜ್ಜಿಯ ಕೈಗೆ ಆ ಬಲ ತಡೆಯುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ: 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ.

ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು, ಅಂದರೆ ರಸ್ತೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುವ ಜಾಗ. ಇಲ್ಲಿ ಎರಡು ತೊಂದರೆ. ಒಂದು, ವಾಂತಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಕಡಿಮೆ, ಆಮೇಲೆ ಜಾಸ್ತಿಯಾಗುತ್ತದೆ. ಘಾಟಿಗೆ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಪೂರಾ ಖಾಲಿ ಹೊಟ್ಟೆಯೂ ಬೇಡ. ಅರ್ಧ ಬಾಳೆಹಣ್ಣು, ನಾಲ್ಕು ಚಮಚ ರಾಗಿ ಮಣ್ಣಿ ಸಾಕು. ಕಿಟಕಿ ಸ್ವಲ್ಪ ಇಳಿಸಿ. ಕೈಗೆ ಮೊಬೈಲ್ ಮಾತ್ರ ಕೊಡಲೇಬೇಡಿ. ಕಣ್ಣು ಪರದೆಯಲ್ಲಿ, ಮೈ ತಿರುವಿನಲ್ಲಿ ಇದ್ದರೆ ವಾಂತಿ ಗ್ಯಾರಂಟಿ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡುವ ಹಾಗಿಲ್ಲ.

ಎರಡನೆಯದು, ಕಿವಿ. ಕೆಲವೇ ನಿಮಿಷದಲ್ಲಿ ನೂರಾರು ಮೀಟರ್ ಕೆಳಗಿಳಿದಾಗ ಕಿವಿ ಮುಚ್ಚಿಕೊಳ್ಳುತ್ತದೆ. ನಾವು ಆಕಳಿಸಿ ಸರಿಮಾಡಿಕೊಳ್ಳುತ್ತೇವೆ, ಮಗು ಸುಮ್ನೆ ಅಳುತ್ತದೆ. ಎಚ್ಚರವಿದ್ದರೆ ಒಂದೊಂದೇ ಗುಟುಕು ನೀರು ಕುಡಿಸುತ್ತಾ ಇಳಿಯಿರಿ.

ಘಾಟಿಯಲ್ಲಿ ನಿಲ್ಲಿಸಲೇಬೇಕಾದರೆ ವೀಕ್ಷಣಾ ಕಟ್ಟೆಯ ಹತ್ತಿರ ಮಾತ್ರ ನಿಲ್ಲಿಸಿ. ಮಂಗಗಳಿರುತ್ತವೆ, ಮಗುವಿನ ಕೈಯಲ್ಲಿ ಬಿಸ್ಕೆಟ್ ಇರಬಾರದು. ತರಗೆಲೆಯ ಮೇಲೆ ಮಗುವನ್ನು ಕೂರಿಸಬೇಡಿ. ಒಣಹವೆಯ ತಿಂಗಳುಗಳಲ್ಲಿ ಉಣುಗಿನ ಕಾಟ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಬಸ್ಸಿನಲ್ಲಿ ಹೋಗುವವರು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಸೀಟು ಹಿಡಿಯಿರಿ. ಕುಲುಕಾಟ ಅಲ್ಲೇ ಕಡಿಮೆ.

ತಿಂಡಿಗೆ ಹೆಬ್ರಿ ಸರಿಯಾದ ಜಾಗ. ತಿರುವು ಮುಗಿದಿರುತ್ತದೆ, ಮಗುವಿಗೂ ಹಸಿವಾಗಿರುತ್ತದೆ. ಇಡ್ಲಿ ಮುರಿದು ಹಾಲಿನಲ್ಲಿ ನೆನೆಸಿ ಕೊಡಿ. ಸಾಂಬಾರಿನ ಖಾರ ಬೇಡ.

4. ಮಲ್ಪೆಯಲ್ಲಿ ಒಂದು ಗಂಟೆ

ಉಡುಪಿ ಪೇಟೆಯಲ್ಲಿ ನಿಲ್ಲದೆ ನೇರ ಮಲ್ಪೆಗೆ ಹೋಗಿ. ಇನ್ನು 6 ಕಿ.ಮೀ. ಅಷ್ಟೇ. 9 ಗಂಟೆಯೊಳಗೆ ತಲುಪಿದರೆ ಮರಳು ಇನ್ನೂ ತಣ್ಣಗಿರುತ್ತದೆ, ಜನವೂ ಕಡಿಮೆ.

ನಮ್ಮ ಮಕ್ಕಳು ತುಂಗೆಯನ್ನು ನೋಡಿರುತ್ತಾರೆ, ಹಳ್ಳದಲ್ಲಿ ಕಾಲಾಡಿಸಿರುತ್ತಾರೆ. ಆದರೆ ಹೊಳೆ ಮೈಮೇಲೆ ಬರುವುದಿಲ್ಲ, ಕಡಲು ಬರುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಮೊದಲ ಅಲೆಗೇ ಕಿರುಚಿ ಅಪ್ಪನ ಕುತ್ತಿಗೆಗೆ ಜೋತುಬೀಳುತ್ತವೆ. ಆಗ "ಏನಾಗಲ್ಲ ಬಾ" ಎಂದು ನೀರಿಗೆ ಎಳೆದುಕೊಂಡು ಹೋಗುವುದೇ ದೊಡ್ಡ ತಪ್ಪು. ಫೋಟೊಗೋಸ್ಕರ ಮಾಡುವ ಈ ಒತ್ತಾಯದಿಂದ ಮಗು ಉಳಿದ ಒಂದು ಗಂಟೆಯೂ ಕೆಳಗಿಳಿಯುವುದಿಲ್ಲ.

ಹೀಗೆ ಮಾಡಿ. ಅಲೆ ತಲುಪುವ ಗೆರೆಯಿಂದ ಹತ್ತು ಹೆಜ್ಜೆ ಹಿಂದೆ, ಒಣಮರಳಿನಲ್ಲಿ ಪಂಚೆ ಹಾಸಿ ಕೂತುಕೊಳ್ಳಿ. ಮಗು ಮೊದಲು ಮರಳನ್ನು ಬೆರಳಲ್ಲಿ ಒತ್ತಿ ನೋಡುತ್ತದೆ. ಆಮೇಲೆ ಮುಷ್ಟಿ ಹಿಡಿದು ಬಿಡುತ್ತದೆ. ಒಂದು ಮುಷ್ಟಿ ಬಾಯಿಗೂ ಹೋಗುತ್ತದೆ. ಗಾಬರಿ ಬೇಡ, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ. ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿಯೇ ಎದ್ದು ಒದ್ದೆ ಮರಳಿನ ಕಡೆ ಹೊರಡುತ್ತದೆ. ಆಗ ಕೈ ಹಿಡಿದುಕೊಂಡು ನಿಂತರೆ ಸಾಕು. ಅಲೆ ಹಿಂದೆ ಹೋಗುವಾಗ ಪಾದದ ಅಡಿಯ ಮರಳು ಜಾರುತ್ತದೆ ನೋಡಿ, ಆ ಕಚಗುಳಿಗೆ ಮಗು ಒಂದು ಸಲ ನಕ್ಕರೆ ಕೆಲಸ ಆಯಿತು.

ನೀರು ಮಗುವಿನ ಮೊಣಕಾಲು ದಾಟಬಾರದು. ಒಬ್ಬ ದೊಡ್ಡವರ ಕೈ ಮಗುವಿನ ಕೈಯಲ್ಲಿ ಸದಾ ಇರಬೇಕು. ಅವರ ಹತ್ತಿರ ಫೋನ್ ಇರಬಾರದು. ಮೂವರು ದೊಡ್ಡವರಿದ್ದಾಗಲೇ ಅಪಾಯ ಹೆಚ್ಚು, ಏಕೆಂದರೆ ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. "ಈಗ ನನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಜೀವರಕ್ಷಕರು ಬೇಡ ಎಂದ ಕಡೆ ಕಾಲಿಡಬೇಡಿ.

ಡೈಪರಿನ ವಿಷಯ. ಮಾಮೂಲಿ ಡೈಪರ್ ಕಡಲ ನೀರು ಹೀರಿ ಕುಂಬಳಕಾಯಿಯ ಹಾಗೆ ಊದಿ ಜೋತುಬೀಳುತ್ತದೆ. ಒಳಗೆ ಸೇರಿದ ಮರಳು ತೊಡೆಸಂದನ್ನು ಉಜ್ಜಿ ಕೆಂಪಾಗಿಸುತ್ತದೆ. ನೀರಿಗೆ ಇಳಿಸುವ ಮುಂಚೆ ಡೈಪರ್ ತೆಗೆದು, ತೊಡೆಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿ ಚಡ್ಡಿ ಹಾಕಿ. ಮುಗಿದ ಮೇಲೆ ಒದ್ದೆ ಮರಳನ್ನು ಟವೆಲಿನಲ್ಲಿ ತಿಕ್ಕಬೇಡಿ, ಚರ್ಮ ಕೆರೆದಂತಾಗುತ್ತದೆ. ಕ್ಯಾನಿನ ನೀರನ್ನು ಚೊಂಬಿನಲ್ಲಿ ಮೇಲಿಂದ ಸುರಿದು ತೊಳೆಯಿರಿ. ಕಾಲಿನ ಮರಳು ಒಣಗಿದ ಮೇಲೆ ಕೊಡವಿದರೆ ತಾನೇ ಉದುರುತ್ತದೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಈ ಸಲ ಬೇಡ. ಅಲ್ಲಿನ ಕಂಬಗಳಂತಹ ಬಂಡೆಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿಗೆ ಬಂದಿದ್ದ ಎಂಬ ಮಾತೂ ಇದೆ. ನೋಡಲೇಬೇಕಾದ ಜಾಗ, ನಿಜ. ಆದರೆ ದೋಣಿಗೆ ಕಾಯಬೇಕು, ನೆರಳು ಕಡಿಮೆ, ಬಂಡೆಯ ಅಂಚು ಚೂಪು. ನಡೆಯಲು ಈಗ ತಾನೇ ಕಲಿತ ಕಾಲಿಗೆ ಅದು ಜಾಗವಲ್ಲ.

10 ಗಂಟೆಗೆ ಎದ್ದುಬಿಡಿ. ಮಗು ಅಳುತ್ತದೆ, ಅಳಲಿ. ದಾರಿಯಲ್ಲಿ ಒಂದು ಸೀಯಾಳ (ನಮ್ಮ ಕಡೆಯ ಎಳನೀರು) ಕುಡಿಸಿದರೆ ಮರೆತುಬಿಡುತ್ತದೆ.

5. ಮಠ ಮತ್ತು ರಥಬೀದಿ

ಕಾರನ್ನು ರಾಜಾಂಗಣದ ಪಾರ್ಕಿಂಗಿನಲ್ಲಿ ಬಿಟ್ಟು ನಡೆದು ಬನ್ನಿ. ಒಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಮಗು ಇರುವವರು ಮರೆಯುವುದು ಇದನ್ನೇ. ಸಾಲಿನಲ್ಲಿ ನಿಂತ ಮೇಲೆ ಅಂಗಿ, ಚಪ್ಪಲಿ, ಚೀಲ, ಮಗು ಎಲ್ಲ ಒಬ್ಬರ ಕೈಗೇ ಬರುತ್ತದೆ. ಹೊರಗೇ ಹಂಚಿಕೊಳ್ಳಿ: ಮಗುವನ್ನು ಎತ್ತಿಕೊಂಡವರು ಬೇರೇನೂ ಹಿಡಿಯಬಾರದು.

ಸಾಲು ಉದ್ದ ಇದ್ದರೆ ಏನು ಮಾಡುವುದು? ಹೊರಗಿನ ಕನಕನ ಕಿಂಡಿಯಲ್ಲಿ ನೋಡಿ ಕೈಮುಗಿದರೂ ದರ್ಶನವೇ. 16ನೇ ಶತಮಾನದ ಕನಕದಾಸರಿಗೆ ಒಳಗೆ ಬಿಡದಿದ್ದಾಗ ಕೃಷ್ಣನೇ ಪಶ್ಚಿಮಕ್ಕೆ ತಿರುಗಿ ನಿಂತ ಎಂಬ ಕತೆ ಇರುವುದು ಇದೇ ಕಿಂಡಿಗೆ. ಸಾಲು ಚಿಕ್ಕದಿದ್ದರೆ ಒಳಗೆ ಹೋಗಿ, ಒಂಬತ್ತು ರಂಧ್ರದ ನವಗ್ರಹ ಕಿಂಡಿಯಲ್ಲಿ ನೋಡಿ. ನಿಮ್ಮ ಸರದಿ ಬರುವ ಮೊದಲೇ ಮಗುವನ್ನು ಕಿಂಡಿಯ ಎತ್ತರಕ್ಕೆ ಎತ್ತಿಕೊಂಡಿರಿ. ಅಲ್ಲಿ ನಿಲ್ಲಲು ಸಿಗುವುದು ಸ್ವಲ್ಪವೇ ಹೊತ್ತು.

ಮಧ್ವಸರೋವರದ ಮೆಟ್ಟಿಲ ಹತ್ತಿರ ಮಗುವನ್ನು ಕೆಳಗೆ ಬಿಡಲೇಬೇಡಿ. ಗೋಶಾಲೆಗೆ ಹೋದರೆ ಮನೆಯಲ್ಲಿ ದಿನಾ ಹಸು ನೋಡುವ ಮಗುವೂ ಅಲ್ಲೇ ನಿಂತುಬಿಡುತ್ತದೆ. ಇರಲಿ, ಸಮಯ ಕೊಡಿ.

ರಥಬೀದಿಯಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತಲೂ ಎಂಟು ಮಠಗಳು. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ ಎನ್ನುವುದು ಸಂಪ್ರದಾಯ. ಮೂರೂ ಕಡೆ ಒಳಗೆ ಹೋಗುವಷ್ಟು ತಾಳ್ಮೆ ಮಗುವಿಗಿರುವುದಿಲ್ಲ. ಎರಡಕ್ಕೆ ಹೊರಗಿಂದಲೇ ಕೈಮುಗಿದು ಬನ್ನಿ. ಉಳಿದ ಹೊತ್ತು ಬೀದಿಯಲ್ಲಿ ನಡೆಸಿ. ಮಗುವಿಗಿಂತ ಎತ್ತರದ ತೇರಿನ ಚಕ್ರ ಅದಕ್ಕೆ ಗರ್ಭಗುಡಿಗಿಂತ ದೊಡ್ಡ ಆಶ್ಚರ್ಯ. ಬಿಸಿಲೇರಿದ ಮೇಲೆ ನೆಲ ಸುಡುತ್ತದೆ, ಚಪ್ಪಲಿ ಹಾಕಿಸಿ. ಆಟಿಕೆ ಅಂಗಡಿಗಳ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ. ಡೋಲು ಕೊಡಿಸಿದರೆ ಘಾಟಿ ಹತ್ತುವಾಗ ಅನುಭವಿಸುವವರು ನೀವೇ.

6. ಊಟ

ಮಠದ ಅನ್ನಪ್ರಸಾದಕ್ಕೆ ಜನ ಜಾಸ್ತಿ ಇರುವ ದಿನ ತಡವಾಗುತ್ತದೆ. ಹಸಿದ ಮಗುವಿಗೆ ಕಾಯುವುದು ಗೊತ್ತಿಲ್ಲ. ಮಗುವಿಗೆ 11.30ಕ್ಕೇ ಹೋಟೆಲಿನಲ್ಲಿ ತಿನ್ನಿಸಿ, ಆಮೇಲೆ ದೊಡ್ಡವರು ಬೇಕಾದರೆ ಪಾಳಿಯ ಮೇಲೆ ಪ್ರಸಾದಕ್ಕೆ ಹೋಗಿ. ನೀರುದೋಸೆ, ಎಲೆಯಲ್ಲಿ ಬೇಯಿಸಿದ ಮೂಡೆ, ಮೊಸರನ್ನ, ಕುಚ್ಚಲಕ್ಕಿ ಗಂಜಿ ಇವೆಲ್ಲ ಮಗುವಿಗೆ ಆಗುತ್ತವೆ. ಕುಚ್ಚಲಕ್ಕಿಯ ಅಗುಳು ದಪ್ಪ, ಚೆನ್ನಾಗಿ ಹಿಸುಕಿ ಕೊಡಿ. ಗೋಳಿಬಜೆ ಹೊರಗೆ ಆರಿದ ಹಾಗೆ ಕಂಡರೂ ಒಳಗೆ ಕೆಂಡ, ಮುರಿದು ಆರಿಸದೆ ಮಗುವಿನ ಕೈಗೆ ಕೊಡಬೇಡಿ.

7. ನಿದ್ದೆ, ಆಮೇಲೆ ಘಾಟಿ

ಇಲ್ಲಿ ಎರಡು ದಾರಿ. ಊಟ ಮುಗಿಸಿ 1 ಗಂಟೆಗೆ ಹೊರಟರೆ ಮಗು ಕಾರಿನಲ್ಲೇ ಮಲಗುತ್ತದೆ. ನಿದ್ದೆಯಲ್ಲಿರುವ ಮಗುವಿಗೆ ತಿರುವು ಗೊತ್ತಾಗುವುದಿಲ್ಲ, ವಾಂತಿಯೂ ಅಪರೂಪ. ಇನ್ನೊಂದು, ಹಗಲಿಗೆ ಒಂದು ರೂಮ್ ಮಾಡಿ ಎಲ್ಲರೂ ಮಲಗಿ 3ಕ್ಕೆ ಹೊರಡುವುದು.

ಮೊದಲನೆಯದು ಚೆನ್ನಾಗಿ ಕಾಣುತ್ತದೆ, ಅಲ್ವಾ? ಆದರೆ ಬೆಳಿಗ್ಗೆ 4ಕ್ಕೆ ಎದ್ದ ಡ್ರೈವರ್ ಊಟವಾದ ಮೇಲೆ ತೂಕಡಿಸುತ್ತಾರೆ. ಕಾರು ಓಡಿಸಲು ಇಬ್ಬರಿದ್ದರೆ ಮಾತ್ರ ಮೊದಲ ದಾರಿ. ಒಬ್ಬರೇ ಆದರೆ ರೂಮಿನ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ಮೊದಲೇ ಫೋನ್ ಮಾಡಿ ಹಗಲಿಗೆ ಮಾತ್ರ ಕೊಡುತ್ತಾರಾ ಎಂದು ಕೇಳಿಕೊಂಡಿರಿ.

3ಕ್ಕೆ ಬಿಟ್ಟರೆ 5ರೊಳಗೆ ಆಗುಂಬೆ. ಆಗುಂಬೆಯಲ್ಲಿ ಮಗುವಿಗೆ ಸ್ವೆಟರ್ ಹಾಕಿಸಿ. ಸೆಕೆಯಿಂದ ಬಂದ ಬೆವರು ಮೈಗೆ ಥಂಡಿ ಗಾಳಿ ತಾಗಿದರೆ ಮಗು ನಡುಗುತ್ತದೆ. ಒದ್ದೆ ಅಂಗಿ ಮೊದಲು ಬದಲಿಸಿ.

ಮಧ್ಯೆ ಮಗುವಿಗೆ ಆರೋಗ್ಯ ಕೆಟ್ಟರೆ ಘಾಟಿ ಹತ್ತಿ ಊರಿಗೆ ಬಂದು ತೋರಿಸೋಣ ಎನ್ನಬೇಡಿ. ಉಡುಪಿ, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳಿವೆ, ತುರ್ತಿಗೆ 108. ಪದೇ ಪದೇ ವಾಂತಿ, ಆರೇಳು ಗಂಟೆ ಮೂತ್ರ ಹೋಗದಿರುವುದು, ಎಬ್ಬಿಸಿದರೂ ಮಂಕಾಗಿರುವುದು ಇವು ಕಂಡರೆ ಅಲ್ಲೇ ತೋರಿಸಿ.

8. ಘಾಟಿ ಬಂದ್ ಆಗಿದ್ದರೆ

ಹಿಂದಿನ ರಾತ್ರಿ ವಿಚಾರಿಸಿದಾಗ ದಾರಿ ಮುಚ್ಚಿದೆ ಎಂದರೆ ದಿಕ್ಕು ಬದಲಿಸಿ ಸಾಗರಕ್ಕೆ ಹೋಗಿ. ಅಲ್ಲಿಂದ ಇಕ್ಕೇರಿ ಸುಮಾರು 6 ಕಿ.ಮೀ. ಕೆಳದಿ ನಾಯಕರ ಎರಡನೇ ರಾಜಧಾನಿ ಅದು. ಅಘೋರೇಶ್ವರ ದೇವಾಲಯದ ಸುತ್ತ ಹುಲ್ಲುಹಾಸಿನ ಬಯಲಿದೆ, ಮಗುವನ್ನು ಕೆಳಗೆ ಬಿಟ್ಟು ಹಿಂದೆ ನಡೆದರೆ ಸಾಕು. ಸಾಗರದ ಇನ್ನೊಂದು ಬದಿಗೆ ಕೆಳದಿ, ಅಲ್ಲಿನ ವೀರಭದ್ರ ಗುಡಿಯ ಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ. ಕವಲೇದುರ್ಗ ಮಾತ್ರ ಬೇಡ, ಮಗುವನ್ನು ಎತ್ತಿಕೊಂಡು ಆ ಕೋಟೆಯ ದಾರಿ ಹತ್ತುವುದು ಕಷ್ಟ. ಊಟಕ್ಕೆ ಸಾಗರದಲ್ಲಿ ಹೋಟೆಲುಗಳಿವೆ. ಇಕ್ಕೇರಿ, ಕೆಳದಿ ಎರಡೂ ಮಗುವಿನ ನಿದ್ದೆಯ ಹೊತ್ತಿನೊಳಗೆ ಮುಗಿಯುತ್ತವೆ. ತಿರುವಿನ ಕಾಟವೂ ಇಲ್ಲದ್ದರಿಂದ ವಾಪಸ್ ಬರುವಾಗ ಮಗು ಕಾರಿನಲ್ಲೇ ಮಲಗಬಹುದು.